ಅಂಕಿಗಳ ಮೇಲೂ ಹಟ: 343ನೇ ವಿಧಿಯ ರಾಜಿ

1949ರ ಸೆಪ್ಟೆಂಬರ್ 14ರಂದು ಸಂವಿಧಾನ ಸಭೆ ಒಪ್ಪಿದ ಭಾಷಾ ರಾಜಿಗೆ ಕೆ.ಎಂ. ಮುನ್ಷಿ ಮತ್ತು ಎನ್. ಗೋಪಾಲಸ್ವಾಮಿ ಅಯ್ಯಂಗಾರ್ ಅವರ ಹೆಸರು ಅಂಟಿಕೊಂಡಿದೆ. ದೇವನಾಗರಿ ಲಿಪಿಯ ಹಿಂದಿ ಒಕ್ಕೂಟದ ಅಧಿಕೃತ ಭಾಷೆಯಾಯಿತು. ಆದರೆ ಅಂಕಿಗಳು 1, 2, 3 ಎಂಬ ಅಂತರರಾಷ್ಟ್ರೀಯ ರೂಪದಲ್ಲೇ ಉಳಿದವು, ಇಂಗ್ಲಿಷಿಗೆ 15 ವರ್ಷಗಳ ಅವಕಾಶ ಸಿಕ್ಕಿತು. ಅಂಕಿಗಳಿಗಾಗಿ ಅಷ್ಟೊಂದು ಹಟವೇ ಎಂದು ಇಂದು ನಗು ಬರಬಹುದು. ದಕ್ಷಿಣದ ಸದಸ್ಯರಿಗಾದರೋ ಅದು ಈ ಸಭೆಯಲ್ಲಿ ತಮ್ಮ ಮಾತಿಗೆ ಎಷ್ಟು ಬೆಲೆಯಿದೆ ಎಂಬುದರ ಪರೀಕ್ಷೆಯಾಗಿತ್ತು.

ಈ ರಾಜಿ ಜಗಳವನ್ನು ಮುಂದೂಡಿತಷ್ಟೇ ಎಂಬ ಆಕ್ಷೇಪವಿದೆ. ಗಡುವು ಮುಗಿದ 1965ರ ಜನವರಿಯಲ್ಲಿ ಮದ್ರಾಸ್ ರಾಜ್ಯ ಹಿಂದಿ ವಿರೋಧಿ ಹೋರಾಟದಲ್ಲಿ ಹೊತ್ತಿ ಉರಿದದ್ದನ್ನು ನೆನೆದರೆ ಆಕ್ಷೇಪ ಹುರುಳಿಲ್ಲದ್ದಲ್ಲ. ಆದರೆ ಗಡುವಿನ ನಂತರವೂ ಇಂಗ್ಲಿಷನ್ನು ಮುಂದುವರಿಸುವ ಅಧಿಕಾರವನ್ನು ಸಂವಿಧಾನದ 343ನೇ ವಿಧಿಯ 3ನೇ ಖಂಡ ಸಂಸತ್ತಿಗೆ ಕೊಟ್ಟಿತ್ತು. 1963ರ ಅಧಿಕೃತ ಭಾಷಾ ಕಾಯ್ದೆ ಬಂದದ್ದು ಆ ದಾರಿಯಿಂದಲೇ. 1967ರ ತಿದ್ದುಪಡಿಯಂತೂ ಹಿಂದಿಯನ್ನು ಅಧಿಕೃತ ಭಾಷೆಯಾಗಿ ಸ್ವೀಕರಿಸದ ರಾಜ್ಯಗಳ ಒಪ್ಪಿಗೆಯಿಲ್ಲದೆ ಇಂಗ್ಲಿಷನ್ನು ಕೈಬಿಡದಂತೆ ಕಟ್ಟುಹಾಕಿತು. ಸಂವಿಧಾನದ ಒಂದಕ್ಷರವನ್ನೂ ಮುಟ್ಟದೆ ಇದೆಲ್ಲ ನಡೆಯಿತು. ರಾಜಿಯ ನಿಜವಾದ ಕೊರತೆ ಬೇರೆಡೆ ಇದೆ: ಎಂಟನೇ ಅನುಸೂಚಿಯ ಮೊದಲ 14 ಭಾಷೆಗಳಲ್ಲಿ ಕನ್ನಡವೂ ಸೇರಿತು, ಒಕ್ಕೂಟದ ಕಡತಗಳಲ್ಲಿ ಮಾತ್ರ ಅದಕ್ಕೆ ಜಾಗ ಸಿಗಲಿಲ್ಲ.