ಹತ್ತು ವಾದ್ಯದ ಹಾಡು, ಒಂದೇ ಪೇಟಿಯಲ್ಲಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಜಾತ್ರೆ ಬಂತೆಂದರೆ ನಾಟಕ ಇದ್ದದ್ದೇ. ನಾಟಕದ ಪುಸ್ತಕ ತೆರೆದು ನೋಡಿ: ಹಾಡಿನ ಮೇಲೆ 'ಧಾಟಿ' ಎಂದು ಯಾವುದೋ ಸಿನಿಮಾ ಹಾಡಿನ ಹೆಸರಿರುತ್ತದೆ. ಆ ಸಿನಿಮಾ ಹಾಡಿಗೆ ಪಿಟೀಲು, ಕೊಳಲು, ಸಿತಾರ್, ಢೋಲಕ್ ಎಲ್ಲವೂ ಇದ್ದವು. ನಮ್ಮ ರಂಗದ ಮುಂದೆ ಇದ್ದದ್ದು ಒಂದು ಪೇಟಿ, ಒಂದು ತಬಲಾ. ಉಳಿದದ್ದನ್ನೆಲ್ಲ ಪೇಟಿ ಮಾಸ್ತರರೇ ತುಂಬಬೇಕಿತ್ತು.

ಪೇಟಿ, ಅಂದರೆ ಹಾರ್ಮೋನಿಯಂ, ಹುಟ್ಟಿದ್ದು ಫ್ರಾನ್ಸಿನಲ್ಲಿ. ಅಲೆಕ್ಸಾಂಡರ್ ಡೆಬೇನ್ 1842ರಲ್ಲಿ ಪೇಟೆಂಟ್ ಪಡೆದ. ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರ ಸುಮಾರಿಗೆ ಅದನ್ನು ಕೈಯಿಂದ ಗಾಳಿ ಹಾಕುವ ಪೆಟ್ಟಿಗೆಯಾಗಿ ಮಾಡಿದರು. ಕೈಪೇಟಿಯಲ್ಲಿ ಒಂದು ಕೈ ಗಾಳಿಗೇ ಹೋಗುತ್ತದೆ. ಕಾಲುಪೇಟಿಯಲ್ಲಿ ಎರಡೂ ಕೈ ಬಿಡುವು. ನಾಟಕದವರು ಕಾಲುಪೇಟಿ ಮೆಚ್ಚಿದ್ದಕ್ಕೆ ಇದೂ ಒಂದು ಕಾರಣ.

ಇಡೀ ಮೇಳವನ್ನು ಹತ್ತು ಬೆರಳಿಗೆ ಇಳಿಸುವುದು ಹೇಗೆ? ಎಲ್ಲವನ್ನೂ ನುಡಿಸಲು ಆಗುವುದಿಲ್ಲ, ಆರಿಸಬೇಕು. ನಟ ಹಾಡುವಾಗ ಪೇಟಿ ಸಾಲಿನ ಹಿಂದೆಯೇ ಹೋಗುತ್ತದೆ. ಅವನು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಪಿಟೀಲಿನ ತುಣುಕು ಬರುತ್ತದೆ. ಎರಡು ವಾದ್ಯ ಒಟ್ಟಿಗೆ ಬಂದರೆ ಜನ ಗುರುತಿಸುವುದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುತ್ತಾರೆ. ಎಡಗೈ ತಗ್ಗಿನ ಸ್ವರ ಹಿಡಿಯುತ್ತದೆ, ತಾಳ ತಬಲಾದ ಪಾಲು. ನಟನ ಕಂಠ ಏರದಿದ್ದರೆ ಇಡೀ ಹಾಡನ್ನೇ ಕೆಳಗಿನ ಸ್ವರಕ್ಕೆ ಇಳಿಸಿಕೊಳ್ಳುತ್ತಾರೆ.

ಪೇಟಿಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ. ಈ ಕೊರತೆಯೂ ಸೇರಿ, 1940ರಲ್ಲಿ ಆಕಾಶವಾಣಿ ಪೇಟಿಯನ್ನು ಹೊರಗಿಟ್ಟಿತು. ಬಾಗಿಲು ಸ್ವಲ್ಪ ತೆರೆದದ್ದು 1971ರಲ್ಲಿ. ಅಷ್ಟು ವರ್ಷ ನಾಟಕ, ಭಜನೆಗಳು ಅದನ್ನು ಬಿಡಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದರು. ಅವರೂ ಪೇಟಿ ನುಡಿಸುತ್ತಿದ್ದರು, ಆಶ್ರಮಕ್ಕೆ ನಾಟಕ ಕಂಪನಿಯೂ ಇತ್ತು.

ಈಗ ಕೀಬೋರ್ಡ್ ಬಂದಿದೆ, ಮೊಬೈಲಿನಲ್ಲಿ ಟ್ರ್ಯಾಕ್ ಸಿಗುತ್ತದೆ. ಟ್ರ್ಯಾಕಿನಲ್ಲಿ ಎಲ್ಲ ವಾದ್ಯವೂ ಇವೆ, ನಿಜ. ಆದರೆ ನಟ ಸಾಲು ಮರೆತರೆ ಟ್ರ್ಯಾಕ್ ನಿಲ್ಲುವುದಿಲ್ಲ. ಮಾಸ್ತರರು ಅದೇ ತುಣುಕನ್ನು ಮತ್ತೊಮ್ಮೆ ನುಡಿಸಿ, ಅವನಿಗೆ ಸಾಲು ನೆನಪಾಗುವವರೆಗೆ ಕಾಯುತ್ತಾರೆ. ನೋಡುವವರಿಗೆ ಗೊತ್ತೂ ಆಗುವುದಿಲ್ಲ.

ಧಾಟಿ ಪುಸ್ತಕದಲ್ಲಿದೆ. ಅದನ್ನು ಪೇಟಿಗೆ ಇಳಿಸಿದ ಬಗೆ ಎಲ್ಲೂ ಬರೆದಿಟ್ಟಿಲ್ಲ, ಮಾಸ್ತರರ ಬೆರಳಲ್ಲಷ್ಟೇ ಇದೆ. ನಿಮ್ಮೂರಲ್ಲಿ ಅಂಥವರಿದ್ದರೆ ಈ ಸಲದ ತಾಲೀಮಿನಲ್ಲಿ, ಅವರನ್ನು ಕೇಳಿಕೊಂಡು, ಒಂದು ಹಾಡನ್ನಾದರೂ ಮೊಬೈಲಿನಲ್ಲಿ ಹಿಡಿದಿಡಿ. ನಾವೂ ಹಿಡಿಯುತ್ತೇವೆ.