ಸೊಂಟದ ಬಟ್ಟಲು ಮೂಳೆ ಮುರಿದರೆ: 108 ಬರೋವರೆಗೆ ಪಂಚೆಯೇ ಕಟ್ಟು

ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ಬೈಕ್‌ನಿಂದ ಎಗರಿ ಬಿದ್ದವರು, ಕಬ್ಬಿನ ಟ್ರೈಲರ್ ಚಕ್ರಕ್ಕೆ ಸಿಕ್ಕವರು, ತೆಂಗಿನ ಮರದಿಂದ ಬಿದ್ದವರು: ಯಾರೇ ಆಗಲಿ, ಜನ ಮೊದಲು ನೋಡೋದು ತಲೆಗೆ ಏಟು ಬಿದ್ದಿದೆಯಾ ಅಂತ. ಸೊಂಟದ ಕಡೆ ಗಮನ ಹೋಗೋದೇ ಇಲ್ಲ.

ಸೊಂಟದ ಕೆಳಗಿನ ಮೂಳೆ ಬಳೆಯಂತೆ ಸುತ್ತುವರಿದಿದೆ. ಅದು ಮುಂದೆ, ಹಿಂದೆ ಎರಡೂ ಕಡೆ ಬಿಟ್ಟುಕೊಂಡರೆ ಒಳಗಿನ ರಕ್ತನಾಳಗಳು ಹರಿಯುತ್ತವೆ. ದೊಡ್ಡವರ ಮೈಯಲ್ಲಿ ಇರೋದೇ ಸುಮಾರು 5 ಲೀಟರ್ ರಕ್ತ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಹೊರಗೆ ಒಂದು ಹನಿಯೂ ಕಾಣದೆ, ಒಳಗೇ ಸೋರಿ ಹೋಗಬಹುದು. ತೊಡೆಸಂದಿಯಲ್ಲಿ ವಿಪರೀತ ನೋವು, ಒಂದು ಕಾಲು ಗಿಡ್ಡವಾದಂತೆ ಅಥವಾ ಹೊರಕ್ಕೆ ತಿರುಗಿದಂತೆ ಕಾಣೋದು, ಮೂತ್ರದಲ್ಲಿ ರಕ್ತ, ತಣ್ಣನೆ ಬೆವರು ಇದ್ದರೆ ಅನುಮಾನ ಪಡಿ. ಸೊಂಟ ಅದುಮಿ, ಅಲುಗಾಡಿಸಿ ಪರೀಕ್ಷೆ ಮಾಡೋಕೆ ಹೋಗಬೇಡಿ.

ಮೊದಲು 108ಕ್ಕೆ ಕರೆ. ಆಮೇಲೆ ಪಂಚೆ ಅಥವಾ ಬೆಡ್‌ಶೀಟನ್ನು ಒಂದು ಗೇಣು ಅಗಲಕ್ಕೆ ಮಡಚಿ, ಮಂಡಿ ಕೆಳಗಿಂದ ತೂರಿಸಿ, ಮೆಲ್ಲಗೆ ಮೇಲಕ್ಕೆ ಸರಿಸಿ. ಕಟ್ಟಬೇಕಾದ್ದು ಬೆಲ್ಟ್ ಹಾಕೋ ಜಾಗದಲ್ಲಲ್ಲ! ಬಹಳ ಜನ ಎಡವೋದು ಇಲ್ಲೇ. ಪ್ಯಾಂಟ್ ಜೇಬಿನ ನೇರಕ್ಕೆ, ತೊಡೆಯ ಮೇಲ್ಭಾಗದ ಪಕ್ಕದಲ್ಲಿ ಕೈಗೆ ಸಿಗುವ ಉಬ್ಬು ಮೂಳೆ ಮೇಲೆ ಬರಬೇಕು. ಜೇಬಿನ ಮೊಬೈಲ್, ಕೀ ತೆಗೆದುಬಿಡಿ. ಇಬ್ಬರು ಎರಡು ಕಡೆಯಿಂದ ಸಮವಾಗಿ ಎಳೆದು ಬಿಗಿಯಾಗಿ ಗಂಟು ಹಾಕಿ. ಮಂಡಿ, ಪಾದ ಜೋಡಿಸಿ ಟವೆಲ್‌ನಿಂದ ಕಟ್ಟಿ. ಬಟ್ಟಲು ಮುಚ್ಚಿಕೊಂಡಷ್ಟೂ ರಕ್ತ ಸೋರೋದು ಕಡಿಮೆ. ಆಸ್ಪತ್ರೆ ತಲುಪೋವರೆಗೆ ಗಂಟು ಬಿಚ್ಚಬೇಡಿ.

ಗಾಯಾಳುವನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಬೇಡಿ, ಮಗ್ಗುಲಿಗೆ ಹೊರಳಿಸಬೇಡಿ. ನೀರು, ಎಳನೀರು ಬೇಡ, ಆಪರೇಷನ್ ಆಗಬೇಕಾಗಬಹುದು. ಕೈಕಾಲು ಮೂಳೆಗೆ ನಾಟಿ ಕಟ್ಟು ಹಾಕಿಸೋರ ಬಗ್ಗೆ ನಮ್ಮ ಜಗಳವಿಲ್ಲ, ಆದರೆ ಇದಕ್ಕೆ ಆ ದಾರಿ ಬೇಡವೇ ಬೇಡ.

ಆಸ್ಪತ್ರೆಯಲ್ಲಿ ರಕ್ತ ಕೊಡುತ್ತಾರೆ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್ ಪೆಟ್ಟಾದ 3 ಗಂಟೆಯೊಳಗೆ ಬಿದ್ದರೆ ಮಾತ್ರ ಲಾಭ. ಆಮೇಲೆ ಬೇಕಿದ್ದರೆ ಹೊರಗಿನಿಂದ ಸರಳು ಹಾಕಿ ಮೂಳೆ ಹಿಡಿದಿಡುತ್ತಾರೆ. ಮದ್ದೂರು, ಮಳವಳ್ಳಿ ತಾಲೂಕು ಆಸ್ಪತ್ರೆಗಳಿಂದ ಮಂಡ್ಯದ ಮಿಮ್ಸ್‌ಗೋ ಮೈಸೂರಿಗೋ ಕಳಿಸಿದರೆ ತಡ ಮಾಡಬೇಡಿ.

ಇನ್ನು ಅಂಗಡಿಯವರ ಭಯ, 'ಕೇಸ್ ಆದ್ರೆ?'. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಪ್ರಕಾರ, ರಸ್ತೆ ಅಪಘಾತದಲ್ಲಿ ಒಳ್ಳೆ ಮನಸ್ಸಿನಿಂದ ನೆರವಾದವರ ಮೇಲೆ ಕೇಸ್ ಹಾಕುವಂತಿಲ್ಲ, ಹೆಸರು ಹೇಳಿ ಅಂತ ಬಲವಂತ ಮಾಡುವಂತೆಯೂ ಇಲ್ಲ.