ಮನೆ ಸಾಮಾನುಗಳ ಕಟ್ಟುವಿಕೆ

ಮನೆ ಸಾಮಾನುಗಳ ಕಟ್ಟುವಿಕೆ ಅಥವಾ ಪ್ಯಾಕಿಂಗ್ ಎಂದರೆ ಕುಟುಂಬವೊಂದು ವಾಸದ ಮನೆಯನ್ನು ಬದಲಾಯಿಸುವಾಗ ಪಾತ್ರೆ, ಬಟ್ಟೆ, ಪುಸ್ತಕ, ಪೀಠೋಪಕರಣ, ವಿದ್ಯುತ್ ಉಪಕರಣ ಮೊದಲಾದವುಗಳನ್ನು ಒಡೆಯದಂತೆ, ನೆನೆಯದಂತೆ ಮತ್ತು ಕಳೆದುಹೋಗದಂತೆ ಸಾಗಾಟಕ್ಕೆ ಸಿದ್ಧಗೊಳಿಸುವ ಕೆಲಸ. ವಿಂಗಡಿಸುವುದು, ಸುತ್ತುವುದು, ಪೆಟ್ಟಿಗೆಗೆ ತುಂಬುವುದು, ಗುರುತು ಹಾಕುವುದು ಮತ್ತು ವಾಹನಕ್ಕೆ ಏರಿಸುವುದು ಇದರ ಮುಖ್ಯ ಹಂತಗಳು. ಭಾರತದ ನಗರಗಳಲ್ಲಿ ಈ ಕೆಲಸವನ್ನು ಮನೆಯವರೇ ಮಾಡಿಕೊಳ್ಳುವುದುಂಟು. ‘ಪ್ಯಾಕರ್ಸ್ ಅಂಡ್ ಮೂವರ್ಸ್’ ಎಂದು ಕರೆಯಲಾಗುವ ಸಂಸ್ಥೆಗಳಿಗೆ ವಹಿಸುವುದೂ ಉಂಟು.

ಹಿನ್ನೆಲೆ

ರಟ್ಟಿನ ಪೆಟ್ಟಿಗೆಗಳು ಬಳಕೆಗೆ ಬರುವ ಮೊದಲು ಕರ್ನಾಟಕದಲ್ಲಿ ಮನೆ ಸಾಮಾನುಗಳನ್ನು ಕಬ್ಬಿಣದ ಟ್ರಂಕು, ಗೋಣಿಚೀಲ ಹಾಗೂ ಬಿದಿರಿನ ಬುಟ್ಟಿಗಳಲ್ಲಿ ತುಂಬಿ ಎತ್ತಿನ ಗಾಡಿಯಲ್ಲಿ ಸಾಗಿಸಲಾಗುತ್ತಿತ್ತು. ಹಾಸಿಗೆಯನ್ನು ಜಮಖಾನದೊಡನೆ ಸುರುಳಿ ಸುತ್ತಿ ಹಗ್ಗದಿಂದ ಬಿಗಿಯುತ್ತಿದ್ದರು. ಹಂಡೆ, ಕೊಪ್ಪರಿಗೆಗಳ ಒಳಗೆ ಸಣ್ಣ ಪಾತ್ರೆಗಳನ್ನು ಇಟ್ಟು, ಗಾಜು ಮತ್ತು ಪಿಂಗಾಣಿ ವಸ್ತುಗಳ ನಡುವೆ ಒಣಹುಲ್ಲನ್ನು ತುಂಬುತ್ತಿದ್ದರು.

ಇಂದು ಬಳಕೆಯಲ್ಲಿರುವ ಸಾಮಗ್ರಿಗಳು ಕೈಗಾರಿಕಾ ಯುಗದ ಕೊಡುಗೆ. 1871ರಲ್ಲಿ ಅಮೆರಿಕದ ಆಲ್ಬರ್ಟ್ ಜೋನ್ಸ್ ಅಲೆಯಾಕಾರದಲ್ಲಿ ಮಡಿಸಿದ ಕಾಗದವನ್ನು ಬಾಟಲಿ ಮತ್ತು ದೀಪದ ಗಾಜುಗಳನ್ನು ಸುತ್ತಲು ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದನು. 1874ರಲ್ಲಿ ಆಲಿವರ್ ಲಾಂಗ್ ಆ ಅಲೆಪದರದ ಎರಡೂ ಬದಿಗೆ ಹಾಳೆಯನ್ನು ಅಂಟಿಸುವ ಸುಧಾರಣೆಯನ್ನು ತಂದನು. ಇಂದಿನ ರಟ್ಟಿನ ಪೆಟ್ಟಿಗೆಯ ರಚನೆ ಇದೇ. ಗಾಳಿಗುಳ್ಳೆಗಳುಳ್ಳ ಪ್ಲಾಸ್ಟಿಕ್ ಹಾಳೆಯಾದ ಬಬಲ್ ರ್‍ಯಾಪ್ ಅನ್ನು 1957ರಲ್ಲಿ ಆಲ್ಫ್ರೆಡ್ ಫೀಲ್ಡಿಂಗ್ ಮತ್ತು ಮಾರ್ಕ್ ಶವಾನ್ ಗೋಡೆಗೆ ಅಂಟಿಸುವ ಅಲಂಕಾರಿಕ ಹಾಳೆಯನ್ನು ತಯಾರಿಸುವ ಪ್ರಯತ್ನದಲ್ಲಿ ರೂಪಿಸಿದರು. ಕೆಲವು ವರ್ಷಗಳ ತರುವಾಯ ಅದು ಸಾಗಾಟದ ರಕ್ಷಾಕವಚವಾಗಿ ಪ್ರಸಿದ್ಧವಾಯಿತು.

ಮೂಲ ತತ್ತ್ವಗಳು

ಪೆಟ್ಟಿಗೆಯೊಳಗಿನ ವಸ್ತುಗಳು ಅಲುಗಾಡಿ ಒಂದಕ್ಕೊಂದು ತಾಗುವುದೇ ಒಡೆತದ ಪ್ರಮುಖ ಕಾರಣ. ಆದುದರಿಂದ ಪೆಟ್ಟಿಗೆಯಲ್ಲಿ ಖಾಲಿ ಜಾಗ ಉಳಿಯಬಾರದು. ಉಳಿದ ಸಂದುಗಳಿಗೆ ಮುದುಡಿದ ಕಾಗದ, ಟವೆಲ್ ಅಥವಾ ಹಳೆಯ ಬಟ್ಟೆಯನ್ನು ತುರುಕಲಾಗುತ್ತದೆ. ಅರ್ಧ ತುಂಬಿದ ಪೆಟ್ಟಿಗೆಯ ಮೇಲೆ ಇನ್ನೊಂದನ್ನು ಇಟ್ಟಾಗ ಅದು ಕುಸಿಯುವ ಅಪಾಯವೂ ಇದೆ. ಭಾರದ ವಸ್ತುಗಳು ತಳದಲ್ಲಿ, ಹಗುರವಾದವು ಮೇಲೆ ಇರಬೇಕು.

ಪೆಟ್ಟಿಗೆಯ ಅಳತೆಯನ್ನು ಒಳಗಿನ ವಸ್ತುವಿನ ತೂಕವು ನಿರ್ಧರಿಸುತ್ತದೆ. ಉದ್ದ, ಅಗಲ, ಎತ್ತರ ತಲಾ 30 ಸೆಂ.ಮೀ. ಇರುವ ಪೆಟ್ಟಿಗೆಯ ಗಾತ್ರ 27 ಲೀಟರ್. ಅದರ ತುಂಬ ಪುಸ್ತಕಗಳನ್ನು ಒತ್ತಾಗಿ ಜೋಡಿಸಿದರೆ ತೂಕವು ಸುಮಾರು 20 ಕಿಲೋಗ್ರಾಂ ಆಗುತ್ತದೆ. ಇದಕ್ಕಿಂತ ದೊಡ್ಡ ಪೆಟ್ಟಿಗೆಗೆ ಪುಸ್ತಕ ತುಂಬಿದರೆ ತಳ ಹರಿಯುವುದಲ್ಲದೆ, ಎತ್ತುವವರ ಬೆನ್ನಿಗೂ ಪೆಟ್ಟಾಗಬಹುದು. ದಿಂಬು, ಹೊದಿಕೆ, ಬಟ್ಟೆಗಳಿಗೆ ದೊಡ್ಡ ಪೆಟ್ಟಿಗೆಗಳು ಸೂಕ್ತ.

ಕಟ್ಟುವ ಕ್ರಮ

ಅಟ್ಟದ ಮೇಲಿನ ವಸ್ತುಗಳು, ಹಬ್ಬಕ್ಕೆ ಮಾತ್ರ ಬಳಸುವ ಪಾತ್ರೆಗಳು, ಪುಸ್ತಕಗಳು ಇತ್ಯಾದಿ ನಿತ್ಯ ಬಳಕೆಯಲ್ಲಿಲ್ಲದವುಗಳನ್ನು ಮೊದಲು ಕಟ್ಟಲಾಗುತ್ತದೆ, ಅಡುಗೆಮನೆ ಕೊನೆಯದು. ಕಟ್ಟುವ ಮೊದಲೇ ಬೇಡವಾದುದನ್ನು ಬೇರ್ಪಡಿಸಿದರೆ ಹೊರೆ ಮತ್ತು ವೆಚ್ಚ ಎರಡೂ ಕಡಿಮೆಯಾಗುತ್ತವೆ.

ಪ್ರತಿ ಪೆಟ್ಟಿಗೆಗೆ ಒಂದು ಸಂಖ್ಯೆಯನ್ನು ಕೊಟ್ಟು, ಒಳಗಿರುವ ವಸ್ತುಗಳನ್ನೂ ಹೊಸ ಮನೆಯಲ್ಲಿ ಸೇರಬೇಕಾದ ಕೋಣೆಯನ್ನೂ ಪಟ್ಟಿಯಲ್ಲಿ ಬರೆದಿಡುವುದು ರೂಢಿ. ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದಾಗಲೂ ಕಾಣುವಂತೆ ಸಂಖ್ಯೆಯನ್ನು ಪಕ್ಕದಲ್ಲಿ ಬರೆಯಬೇಕು. ಬೆಲೆಬಾಳುವ ವಸ್ತುಗಳ ಸ್ಥಿತಿಯನ್ನು ಮೊದಲೇ ಛಾಯಾಚಿತ್ರದಲ್ಲಿ ದಾಖಲಿಸುವುದು ಪರಿಹಾರ ಕೇಳುವ ಸಂದರ್ಭದಲ್ಲಿ ನೆರವಾಗುತ್ತದೆ.

ವಸ್ತುಗಳಿಗೆ ಅನುಗುಣವಾದ ವಿಧಾನಗಳು

ಗಾಜು ಮತ್ತು ಪಿಂಗಾಣಿ: ತಟ್ಟೆಗಳನ್ನು ಒಂದೊಂದಾಗಿ ಸುತ್ತಿ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಲಾಗುತ್ತದೆ, ಮಲಗಿಸಿ ಪೇರಿಸಿದರೆ ಮೇಲಿನವುಗಳ ಭಾರವೆಲ್ಲ ತಳದ ತಟ್ಟೆಯ ಮೇಲೆ ಬೀಳುತ್ತದೆ. ವೃತ್ತಪತ್ರಿಕೆಯ ಮಸಿ ಅಂಟುವುದರಿಂದ ಬಿಳಿಯ ವಸ್ತುಗಳಿಗೆ ಮೊದಲು ಖಾಲಿ ಕಾಗದವನ್ನು ಸುತ್ತುವುದು ಒಳ್ಳೆಯದು.

ಎಣ್ಣೆ, ತುಪ್ಪ, ಉಪ್ಪಿನಕಾಯಿ: ಜಾಡಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆಯನ್ನೂ ಅದರ ಮೇಲೆ ಬಟ್ಟೆಯನ್ನೂ ಬಿಗಿದು, ನೆಟ್ಟಗೆ ನಿಲ್ಲುವಂತೆ ಇಡಬೇಕು. ಇವನ್ನು ಬಟ್ಟೆ ಅಥವಾ ಕಾಗದಪತ್ರಗಳೊಡನೆ ಸೇರಿಸಬಾರದು.

ಶೀತಕಪೆಟ್ಟಿಗೆ: ಮುಂಚಿತವಾಗಿ ಆರಿಸಿ, ಮಂಜುಗಡ್ಡೆಯನ್ನು ಕರಗಿಸಿ, ಒಳಗನ್ನು ಒರೆಸಿ, ನೆಟ್ಟಗೆ ನಿಲ್ಲಿಸಿ ಸಾಗಿಸಬೇಕು. ಮಲಗಿಸಿದಾಗ ಕಂಪ್ರೆಸರಿನ ಎಣ್ಣೆಯು ಕೊಳವೆಗಳಿಗೆ ಹರಿಯಬಲ್ಲುದು. ಅನಿವಾರ್ಯವಾಗಿ ಮಲಗಿಸಿದ್ದರೆ ನಿಲ್ಲಿಸಿದ ಮೇಲೆ ಕೆಲವು ಗಂಟೆಗಳ ಕಾಲ ಬಿಟ್ಟು ಚಾಲೂ ಮಾಡಬೇಕು.

ಬಟ್ಟೆ ಒಗೆಯುವ ಯಂತ್ರ: ಮುಂಬಾಗಿಲಿನ ಮಾದರಿಗಳ ತಿರುಗುವ ಡ್ರಮ್ ಅಲುಗದಂತೆ, ಖರೀದಿಯ ವೇಳೆ ಬಂದ ಸಾಗಾಟದ ಬೋಲ್ಟುಗಳನ್ನು ಮರಳಿ ಹಾಕಬೇಕು. ಹೊಸ ಮನೆಯಲ್ಲಿ ಅವುಗಳನ್ನು ತೆಗೆಯದೆ ಯಂತ್ರವನ್ನು ನಡೆಸಿದರೆ ಹಾನಿಯಾಗುತ್ತದೆ.

ದೂರದರ್ಶನ: ತೆಳು ಪರದೆಯ ಉಪಕರಣಗಳನ್ನು ಮಲಗಿಸದೆ ನಿಲ್ಲಿಸಿ ಸಾಗಿಸಬೇಕು, ಪರದೆಯ ಮೇಲೆ ಒತ್ತಡ ಬೀಳಬಾರದು.

ಮಂಚ, ಕಪಾಟು: ಬಿಚ್ಚಿದ ಭಾಗಗಳ ತಿರುಪುಗಳನ್ನು ಒಂದು ಚೀಲಕ್ಕೆ ಹಾಕಿ ಆಯಾ ಪೀಠೋಪಕರಣಕ್ಕೇ ಕಟ್ಟಲಾಗುತ್ತದೆ. ಕಬ್ಬಿಣದ ಬೀರುವನ್ನು ಖಾಲಿ ಮಾಡಿಯೇ ಎತ್ತಬೇಕು.

ಸಾಮಾನಿನೊಡನೆ ಕಳುಹಿಸಬಾರದ ವಸ್ತುಗಳು

ಅಡುಗೆ ಅನಿಲದ ಸಿಲಿಂಡರು, ಸೀಮೆಎಣ್ಣೆ, ಪೆಟ್ರೋಲು, ಪಟಾಕಿ ಮೊದಲಾದ ಬೆಂಕಿ ಹೊತ್ತಿಕೊಳ್ಳುವ ವಸ್ತುಗಳನ್ನು ಮನೆ ಸಾಮಾನಿನ ಲಾರಿಯಲ್ಲಿ ಇಡಬಾರದು. ಬೇರೆ ಊರಿಗೆ ಹೋಗುವವರು ಸಿಲಿಂಡರು ಮತ್ತು ರೆಗ್ಯುಲೇಟರನ್ನು ವಿತರಕರಿಗೆ ಒಪ್ಪಿಸಿ, ಠೇವಣಿ ಹಣ ಹಾಗೂ ವರ್ಗಾವಣೆ ಪತ್ರವನ್ನು ಪಡೆಯುವ ವ್ಯವಸ್ಥೆಯಿದೆ. ಇನ್ವರ್ಟರ್‌ನ ಬ್ಯಾಟರಿಯಲ್ಲಿ ಗಂಧಕಾಮ್ಲ ಇರುವುದರಿಂದ ಅದನ್ನು ಓರೆಯಾಗದಂತೆ ಪ್ರತ್ಯೇಕವಾಗಿ ಸಾಗಿಸಬೇಕು.

ಆಸ್ತಿಪತ್ರ, ಅಂಕಪಟ್ಟಿ, ಪಾಸ್‌ಪೋರ್ಟ್, ಚಿನ್ನಾಭರಣ, ನಗದು, ನಿತ್ಯದ ಔಷಧಿ ಮತ್ತು ವೈದ್ಯಕೀಯ ದಾಖಲೆಗಳನ್ನು ಮನೆಯವರು ತಮ್ಮ ಕೈಚೀಲದಲ್ಲೇ ಒಯ್ಯಬೇಕು. ಲಾರಿ ತಡವಾದರೆ ತಟ್ಟೆ, ಲೋಟಗಳನ್ನು ಹೊಸದಾಗಿ ಕೊಳ್ಳಬಹುದು. ಮೂಲ ದಾಖಲೆಗಳು ಕಳೆದರೆ ಅವುಗಳ ನಕಲು ಪಡೆಯಲು ಕಚೇರಿಗಳಿಗೆ ಅಲೆಯಬೇಕಾಗುತ್ತದೆ.

ವಾಹನಕ್ಕೆ ಏರಿಸುವುದು

ಬೀರು, ರುಬ್ಬುವ ಕಲ್ಲು, ಪುಸ್ತಕದ ಪೆಟ್ಟಿಗೆಗಳಂತಹ ಭಾರದ ವಸ್ತುಗಳನ್ನು ವಾಹನದ ನೆಲದ ಮೇಲೆ, ಎರಡೂ ಬದಿಗೆ ಸಮತೂಕವಾಗುವಂತೆ ಇಡಲಾಗುತ್ತದೆ. ಹಾಸಿಗೆ, ದಿಂಬುಗಳನ್ನು ಪೀಠೋಪಕರಣಗಳ ನಡುವೆ ತುಂಬಿ ಹಗ್ಗದಿಂದ ಬಿಗಿಯುತ್ತಾರೆ. ತೆರೆದ ಲಾರಿಗೆ ಟಾರ್ಪಾಲಿನ್ ಹೊದಿಕೆ ಅಗತ್ಯ. ಒದ್ದೆಯಾದ ರಟ್ಟು ತನ್ನ ಬಲವನ್ನು ಕಳೆದುಕೊಳ್ಳುತ್ತದೆ.

ಕಾನೂನು ಮತ್ತು ಹೊಣೆಗಾರಿಕೆ

ಭಾರತದಲ್ಲಿ ರಸ್ತೆ ಮೂಲಕ ಸರಕು ಸಾಗಿಸುವವರ ಹೊಣೆಯನ್ನು 2007ರ ರಸ್ತೆ ಸಾಗಣೆ ಕಾಯ್ದೆಯು ನಿರೂಪಿಸುತ್ತದೆ. ಇದು 1865ರ ಸಾಗಣೆದಾರರ ಕಾಯ್ದೆಯ ಸ್ಥಾನದಲ್ಲಿ ಬಂದಿತು. ಇದರ ಪ್ರಕಾರ, ಸರಕಿನ ಹೆಚ್ಚಿನ ಮೌಲ್ಯವನ್ನು ಮೊದಲೇ ಘೋಷಿಸಿ ಅದಕ್ಕೆ ತಕ್ಕ ದರವನ್ನು ಒಪ್ಪಿಕೊಳ್ಳದಿದ್ದಲ್ಲಿ ಸಾಗಣೆದಾರನ ಹೊಣೆಯು ಒಂದು ಮಿತಿಗೆ ಒಳಪಟ್ಟಿರುತ್ತದೆ. ನಷ್ಟಕ್ಕಾಗಿ ದಾವೆ ಹೂಡುವ ಮೊದಲು, ಸರಕನ್ನು ನೋಂದಾಯಿಸಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ಕೊಡಬೇಕು. ಸೇವಾ ನ್ಯೂನತೆಗಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರ ಆಯೋಗಕ್ಕೂ ದೂರು ಸಲ್ಲಿಸಬಹುದು.

ಮನೆಯವರೇ ಕಟ್ಟಿದ ಪೆಟ್ಟಿಗೆಗಳ ಒಳಗಿನ ಹಾನಿಗೆ ಹಲವು ಸಂಸ್ಥೆಗಳು ಹೊಣೆ ಹೊರುವುದಿಲ್ಲ. ಲಾರಿ ಹೊರಟ ಮೇಲೆ ಒಪ್ಪಿದ್ದಕ್ಕಿಂತ ಹೆಚ್ಚು ಹಣ ಕೇಳಿ, ಕೊಡುವವರೆಗೆ ಸಾಮಾನನ್ನು ತಡೆಹಿಡಿಯುವ ವಂಚನೆಯೂ ಉಂಟು. ದರ, ವಸ್ತುಪಟ್ಟಿ, ವಾಹನದ ಸಂಖ್ಯೆ ಮತ್ತು ತಲಪುವ ದಿನಾಂಕವನ್ನು ಬರವಣಿಗೆಯಲ್ಲಿ ಪಡೆಯುವುದು, ಪೂರ್ತಿ ಹಣವನ್ನು ಮುಂಗಡ ಕೊಡದಿರುವುದು ಇದಕ್ಕೆ ಮುನ್ನೆಚ್ಚರಿಕೆ. ಬಳಸಿದ ಗೃಹವಸ್ತುಗಳ ಸಾಗಾಟಕ್ಕೆ ಸರಕು ಮತ್ತು ಸೇವಾ ತೆರಿಗೆಯ ನಿಯಮಗಳಡಿ ಇ-ವೇ ಬಿಲ್‌ನ ಅಗತ್ಯವಿಲ್ಲ.

ಆಚರಣೆಗಳು

ಕರ್ನಾಟಕದ ಅನೇಕ ಹಿಂದೂ ಕುಟುಂಬಗಳು ಆಷಾಢ ಮಾಸದಲ್ಲಿ ಮನೆ ಬದಲಾಯಿಸುವುದಿಲ್ಲ. ಲಾರಿಯ ಸಾಮಾನು ತಲಪುವ ಮೊದಲೇ ದೇವರ ಪಟ, ದೀಪ ಮತ್ತು ಹಾಲನ್ನು ಹೊಸ ಮನೆಗೆ ಒಯ್ದು ಹಾಲುಕ್ಕಿಸುವ ಪದ್ಧತಿಯಿದೆ. ಹೀಗಾಗಿ ಒಲೆ, ಒಂದು ಪಾತ್ರೆ, ಬೆಂಕಿಪೊಟ್ಟಣ ಹಾಗೂ ಪೂಜಾ ಸಾಮಗ್ರಿಗಳನ್ನು ಉಳಿದವುಗಳೊಡನೆ ಬೆರೆಸದೆ ಪ್ರತ್ಯೇಕವಾಗಿ ಕಟ್ಟಿಡುತ್ತಾರೆ.